ನನಗೆ ಬಿದ್ದ ಬೈಗುಳದ ಇಂಗ್ಲಿಷ್ ಅನುವಾದ

‘ಅಂತಾರಾಷ್ಟ್ರೀಯ’ ಎಂಬ ಶಬ್ದಕ್ಕೆ ನಾನು ಮರುಳಾದವಳು. ಬೆಟಗೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿಡುವಾದಾಗ ಕನ್ನಡದಲ್ಲಿ ಪ್ರಯೋಗದ ಪಾಠಗಳನ್ನು ಬರೆದು ಅಂತರ್ಜಾಲಕ್ಕೆ ಏರಿಸುವುದು ನನ್ನ ಗೀಳು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು, ನನ್ನನ್ನು ಕೇಳುವುದೂ ಬೇಡ. ಇಂಥ ಗೀಳಿನವರೆಲ್ಲ ಸೇರಿ ಕಟ್ಟಿಕೊಂಡ ಮುಕ್ತ ಶಿಕ್ಷಣದ ಅಂತಾರಾಷ್ಟ್ರೀಯ ಸಂಸ್ಥೆಯೊಂದಿದೆ. ಅದರ ಆಡಳಿತ ಮಂಡಳಿಗೆ ಚುನಾವಣೆ ಬಂದಾಗ ನಾನೂ ನಿಂತೆ. ಕನ್ನಡದಂಥ ಭಾಷೆಗಳಲ್ಲಿ ಕಲಿಸುವವರ ದನಿ ಅಲ್ಲಿ ಕೇಳಬೇಕು ಎಂದು ಅರ್ಜಿಯಲ್ಲಿ ಬರೆದೆ. ಅದು ಸುಳ್ಳಲ್ಲ. ಆದರೆ ಒಮ್ಮೆಯಾದರೂ ಸ್ಟಾಫ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ನಾಳೆ ನಮ್ಮ ಬೋರ್ಡ್ ಮೀಟಿಂಗ್ ಐತ್ರಿ” ಅನ್ನಬೇಕೆಂಬ ಆಸೆಯೂ ಇತ್ತು. ಅದನ್ನು ಬರೆಯಲಿಲ್ಲ.

ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುವ ನಮ್ಮ ಹಿಂದಿ ಮಾಸ್ತರರಿಗೆ ಈ ಚುನಾವಣೆ ಸ್ವಲ್ಪವೂ ಹಿಡಿಸಲಿಲ್ಲ.

“ಜೀಪಿಲ್ಲ, ಮೈಕಿಲ್ಲ, ಮನಿಮನಿಗೆ ಬಂದು ಕೈ ಮುಗಿಯೂದಿಲ್ಲ. ಇದೆಂಥಾ ಎಲೆಕ್ಷನ್ರಿ ಮೇಡಂ?” ಎಂದರು.

ನಿಜಕ್ಕೂ ಬಹಳ ಸಪ್ಪೆ. ಸ್ಥಾನ ಎರಡು, ನಿಂತವರು ಐದು ಜನ. ಒಬ್ಬೊಬ್ಬರಿಗೂ ಒಂದು ಪುಟ. ಅದರಲ್ಲಿ ನಮ್ಮ ಬಗ್ಗೆ ನಾವೇ ಕೊಚ್ಚಿಕೊಳ್ಳಬೇಕು. ಕೆಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು, ಮುಕ್ತ ಸಂಸ್ಥೆಯಲ್ಲವೇ! ಬೇರೆ ಭಾಷೆಯಲ್ಲಿ ಬರೆದರೆ ಯಂತ್ರವೇ ಅದನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸುತ್ತದೆ. ಓಟು ಹಾಕಲು ಸದಸ್ಯರಿಗೆ ಎರಡು ವಾರ ಸಮಯ. ಜನ ಬರಲೆಂದು ನಾನು ನನ್ನ ಪಾಠಗಳ ಕೆಳಗೆಲ್ಲ ಆ ಪುಟದ ಕೊಂಡಿ ಅಂಟಿಸಿದೆ.

ಮೊದಲ ವಾರ ಯಾರೂ ಬರಲಿಲ್ಲ. ಉಳಿದ ನಾಲ್ವರ ಪುಟಗಳಲ್ಲಿ ಸಂತೆ ನೆರೆದಿತ್ತು. ನನ್ನದರಲ್ಲಿ ಶಿರಹಟ್ಟಿಯ ಗೆಳತಿಯೊಬ್ಬಳು ಕೈಮುಗಿದ ಚಿತ್ರ ಹಾಕಿದ್ದಳು, ಅಷ್ಟೇ. ಎರಡನೇ ವಾರ ಅಂತೂರ ಬೆಂತೂರ ಹಳ್ಳಿಯ ಮಾಸ್ತರೊಬ್ಬರು ಬಂದರು. ನನ್ನ ಪಾಠ ಬಳಸಿದವರು, ಅದರ ಕೊಂಡಿ ಹಿಡಿದು ಇಲ್ಲಿಗೆ ತಲುಪಿದವರು. ಇದು ಚುನಾವಣೆಯ ಪುಟ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬರೆದದ್ದು ಹೀಗೆ:

“ಮೇಡಂ ಅವರ, ನಿಮ್ಮ ಪಾಠ ನೋಡಿ ಅರಿಷಿಣದ ಕಾಗದಕ್ಕ ಲಿಂಬಿಹಣ್ಣು ಹಿಂಡಿದ್ವಿ. ಲಿಂಬಿಹಣ್ಣು ಮುಗದ್ವು, ಕಾಗದ ಕೆಂಪಾಗಲಿಲ್ಲ. ನನ್ನ ಮಾರಿ ಕೆಂಪಾತು. ಹುಡುಗ್ರು ನನ್ನ ಮಂಗ್ಯಾ ಮಾಡಿದ್ರು. ನೀವು ಬರದು ಕೈ ತೊಳಕೊಂಡು ಕುಂತೀರಿ.”

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅನ್ನುತ್ತಾರಲ್ಲ, ನನಗೆ ಬಂದದ್ದು ಅದೇ. ಪ್ರಯೋಗ ಮಾಡಲು ಬರದವರು ಪಾಠದ ಮೇಲೆ ತಪ್ಪು ಹೊರಿಸುತ್ತಾರೆ ಎಂದು ಬಯ್ದುಕೊಳ್ಳುತ್ತಲೇ ಪಾಠ ತೆಗೆದು ನೋಡಿದೆ. ಎರಡು ಸಾಲು ಅದಲುಬದಲಾಗಿದ್ದವು. ಕೆಂಪಾಗುವುದು ಸಾಬೂನಿನ ನೀರಿಗೆ, ಲಿಂಬೆಗಲ್ಲ. ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಸೀರೆ ಕೆಂಪಾಗುತ್ತದೆಂದು ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆಗೂ ಗೊತ್ತು. ಎಂಎಸ್ಸಿ ಮಾಡಿದ ನಾನು ಬರೆದದ್ದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ನಾಚಿಕೆಯಾಯಿತು. ಐದೇ ನಿಮಿಷದಲ್ಲಿ ತಿದ್ದಿದೆ, ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟೆ.

ಮರುದಿನ ಶಾಲೆಯಲ್ಲಿ ಪುಟ ತೆರೆದರೆ ಆ ಬೈಗುಳದ ಕೆಳಗೆ ಮೆಚ್ಚುಗೆಯ ಗುರುತುಗಳು ಸಾಲುಗಟ್ಟಿದ್ದವು. ಹಿಂದಿ ಮಾಸ್ತರರು ಯಂತ್ರ ಮಾಡಿದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಂದು ಓದತೊಡಗಿದರು. “ನಿಂಬೆಹಣ್ಣುಗಳು ಮುಗಿದವು, ಕಾಗದ ಕೆಂಪಾಗಲಿಲ್ಲ. ನನ್ನ ದೇವಿ ಕೆಂಪಾದಳು. ಮಕ್ಕಳು ನನ್ನನ್ನು ಕೋತಿಯನ್ನಾಗಿ ಮಾಡಿದರು. ನೀವು ಕೈ ತೊಳೆದು ಕುಳಿತುಕೊಂಡಿದ್ದೀರಿ.” ಓದಿ ಮುಗಿಸುವಷ್ಟರಲ್ಲಿ ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ನಮ್ಮ ಕಡೆ ಮಾರಿ ಎಂದರೆ ಮುಖ, ಪಾಪ, ಯಂತ್ರಕ್ಕೆ ಮಾರಿ ಎಂದರೆ ಮಾರಮ್ಮ ಒಬ್ಬಳೇ. ಅದರ ಕೆಳಗೆ ದೂರದೇಶದವರು ಬರೆದಿದ್ದರು: ಸ್ಥಳೀಯ ಸಂಸ್ಕೃತಿಯೊಳಗಿಂದ ಹುಟ್ಟಿದ ವಿಜ್ಞಾನ. ಆಟದ ಮೂಲಕ ಕಲಿಕೆ. ಸ್ವಚ್ಛತೆಗೂ ಒತ್ತು.

“ನಿಮ್ಮ ನಸೀಬ ಭಾರಿ ಐತ್ರಿ ಮೇಡಂ,” ಎಂದರು ಹಿಂದಿ ಮಾಸ್ತರರು. “ಬೈಸಿಕೊಂಡು ಗೆಲ್ಲಾಕತ್ತೀರಿ.”

ನಾನೂ ನಕ್ಕೆ. ಉಬ್ಬಿದೆ ಅಂತಲೇ ಹೇಳಬೇಕು. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಬೋರ್ಡ್ ಮೀಟಿಂಗಿಗೆ ಯಾವ ಸೀರೆ ಎಂದು ಯೋಚಿಸಿದ್ದೂ ಉಂಟು. ತಪ್ಪು ತಿದ್ದಿಯಾಗಿದೆ, ಉಳಿದದ್ದು ಯಂತ್ರದ ಪಾಪ, ನನ್ನದೇನು?

ಓಟು ಮುಗಿಯಲು ಎರಡು ದಿನ ಇರುವಾಗ ಸದಸ್ಯೆಯೊಬ್ಬರು ನನ್ನನ್ನೇ ನೇರವಾಗಿ ಕೇಳಿದರು. ಕೆಂಪಾಗುವ ದೇವಿಯ ಆಚರಣೆಯನ್ನು ತರಗತಿಯೊಳಗೆ ಹೇಗೆ ತಂದಿರಿ? ವಿವರಿಸಿ. ನಿಮ್ಮಂಥವರು ಮಂಡಳಿಯಲ್ಲಿ ಇರಲೇಬೇಕು.

ಈಗ ಸುಮ್ಮನಿರುವ ಹಾಗಿರಲಿಲ್ಲ. ಉತ್ತರ ಕೊಡದಿದ್ದರೆ ಸೊಕ್ಕಿನವಳು, ಕೊಟ್ಟರೆ ಒಂದೋ ಸುಳ್ಳಿ, ಇಲ್ಲವೇ ಸೋತವಳು. “ನಮ್ಮ ಭಾಗದಲ್ಲಿ ಅರಿಶಿನಕ್ಕೆ ವಿಶೇಷ ಸ್ಥಾನವಿದೆ” ಎಂದು ಶುರುಮಾಡಿದೆ. ಅದು ನಿಜವೇ ತಾನೆ. ಎರಡನೇ ಸಾಲಿನಲ್ಲಿ ದೇವಿ ಬಂದಳು. ಮೂರನೇ ಸಾಲಿಗೆ ಮಕ್ಕಳು ಕೋತಿಯ ವೇಷ ಹಾಕತೊಡಗಿದರು. ಇಷ್ಟು ಸಲೀಸಾಗಿ ಸುಳ್ಳು ಬರೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಆ ಮಾಸ್ತರರು ಕಣ್ಣ ಮುಂದೆ ಬಂದರು. ನಲವತ್ತು ಮಕ್ಕಳೆದುರು ಹಳದಿ ಕಾಗದ ಹಿಡಿದುಕೊಂಡು, ಇನ್ನೊಂದು ಲಿಂಬೆಹಣ್ಣು ಕೊಯ್ಯುತ್ತ, ಈಗ ಆಗ್ತೈತಿ ತಡೀರಿ ಎನ್ನುತ್ತ ನಿಂತವರು. ನನ್ನ ಮಾತು ನಂಬಿ ನಿಂತವರು. ಅವರ ಅವಮಾನವನ್ನು ನಾನು ಹಬ್ಬ ಮಾಡಲು ಹೊರಟಿದ್ದೆ.

ಅಳಿಸಿದೆ. ಹಿಂದಿ ಮಾಸ್ತರರಿಗೆ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದೆ.

“ಖರೆ ಹೇಳಿದ್ರ ಓಟು ಹೋಗ್ತಾವ್ರಿ,” ಎಂದರು. “ಹೇಳದಿದ್ರ, ನಾಳೆ ಯಾರರ ಕನ್ನಡ ಬಲ್ಲವರು ಅದನ್ನ ಓದಿದ್ರ ಮರ್ಯಾದಿನ ಹೋಗ್ತೈತಿ. ನಿಮಗ ಯಾವುದು ಸಸ್ತಾ ಬೀಳ್ತೈತಿ ನೋಡ್ರಿ.”

ಕೂತು ಅನುವಾದಿಸಿದೆ. ನನ್ನ ಇಂಗ್ಲಿಷಿನ ಶಕ್ತಿಯನ್ನೆಲ್ಲ ಸುರಿದು, ಒಂದು ಸಾಲನ್ನೂ ಮೆತ್ತಗೆ ಮಾಡದೆ. ದೇವಿಯಲ್ಲ, ಅವರ ಮುಖ. ಕೆಂಪಾದದ್ದು ನಾಚಿಕೆಯಿಂದ. ಕೋತಿಯ ಆಟವಲ್ಲ, ನನ್ನಿಂದಾಗಿ ಮಕ್ಕಳು ಅವರನ್ನು ನೋಡಿ ನಕ್ಕರು. ಕೈ ತೊಳೆದುಕೊಂಡದ್ದು ಸಾಬೂನಿನಿಂದಲ್ಲ, ಜವಾಬ್ದಾರಿಯಿಂದ. ತಪ್ಪು ನನ್ನದು, ತಿದ್ದಿದ್ದೇನೆ, ತಿದ್ದಿಸಿದವರು ಇವರು. ಹೀಗೆ ಬರೆದು, ಕೆಳಗೆ ಕನ್ನಡದಲ್ಲಿ ಆ ಮಾಸ್ತರರ ಕ್ಷಮೆ ಕೇಳಿ, ನನ್ನ ನಂಬರನ್ನೂ ಕೊಟ್ಟೆ.

ಪ್ರಾಮಾಣಿಕತೆಗೆ ಮೆಚ್ಚಿ ಜಗತ್ತು ನನ್ನನ್ನು ಗೆಲ್ಲಿಸೀತು ಎಂಬ ಸಣ್ಣ ದುರಾಸೆ ಆಗಲೂ ಇತ್ತು. ಗೆಲ್ಲಿಸಲಿಲ್ಲ. ಐವರಲ್ಲಿ ಮೂರನೆಯವಳಾದೆ. ಬೇಸರವಾಗಲಿಲ್ಲ ಎಂದರೆ ನೀವು ನಂಬಬೇಡಿ, ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಅಂತೂರ ಬೆಂತೂರದ ಮಾಸ್ತರರೇ ಫೋನ್ ಮಾಡಿದರು.

“ಪಾಠ ತಿದ್ದೀರಿ, ನೋಡಿದೆ. ಇವತ್ತ ಸಾಬೂನಿನ ನೀರು ಹಚ್ಚಿಸಿದೆ, ಛಲೋ ಕೆಂಪಾತು. ಅದಿರ್ಲಿ, ಅಲ್ಲಿ ಇಂಗ್ಲೀಷಿನ್ಯಾಗ ಏನೇನೋ ನಡದಿತ್ತಲ್ರಿ, ಏನದು?”

ಚುನಾವಣೆ, ಯಂತ್ರ, ದೇವಿ, ಕೋತಿ, ಎಲ್ಲ ಹೇಳಿದೆ.

“ಸುಮ್ನ ಇದ್ದಿದ್ರ ಗೆಲ್ತಿದ್ರಿ?”

“ಗೆಲ್ತಿದ್ದೆ ಅನಸ್ತೈತ್ರಿ.”

“ನಾ ಬೈದಿದ್ದನ್ನ ನೀವ ಕುಂತು ಇಂಗ್ಲೀಷ್ ಮಾಡಿದ್ರಿ?”

“ಹೌದ್ರಿ ಸರ್.”



“ಮುಂದಿನ ಸಲ ನಿಂತ್ರ ಮೊದಲ ತಿಳಸ್ರಿ ಮೇಡಂ. ನಾನ ಇಂಗ್ಲೀಷಿನ್ಯಾಗ ಬೈತೀನಿ.”