ಮಾಮಿಯ ಕಣ್ಣು, ನನ್ನ ಪಿಂಡಿ

ನನ್ನ ಗಂಡನ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ವೀಸಾ ತಿರಸ್ಕಾರವಾದರೂ, ಯಾರ ಮದುವೆಯ ಮಾತುಕತೆ ಮುರಿದುಬಿದ್ದರೂ ಮದ್ದು ಒಂದೇ: ಕೋಳಿ ಸಾರಿನಲ್ಲಿ ಮುಳುಗಿಸಿದ ಕುಂಞಿ ಪಿಂಡಿ. ನಮ್ಮ ಬ್ಯಾರಿ ಭಾಷೆಯಲ್ಲಿ ಕುಂಞಿ ಎಂದರೆ ಪುಟ್ಟದು. ಪಿಂಡಿ ಎಂದರೆ ಅಕ್ಕಿ, ತೆಂಗಿನಕಾಯಿ ಅರೆದು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ತುಳುವರ ಪುಂಡಿಯ ಪುಟ್ಟ ತಂಗಿ. ನಾನು ಕನ್ನಡ ಕಲಿಸುವ ಹೈಸ್ಕೂಲಿನಲ್ಲಿ ಘಟ್ಟದ ಮೇಲಿನಿಂದ ಬಂದ ಸಹೋದ್ಯೋಗಿಯೊಬ್ಬರು, 'ಇವತ್ತು ಡಬ್ಬಿಯಲ್ಲಿ ಪಿಂಡಿ ಉಂಟು' ಎಂದು ನಾನು ಹೇಳಿದ್ದನ್ನು ಕೇಳಿ, ತಮ್ಮ ಡಬ್ಬಿಯನ್ನು ಸದ್ದಿಲ್ಲದೆ ಒಂದು ಗೇಣು ಆಚೆ ಸರಿಸಿಕೊಂಡಿದ್ದರು. ಆಮೇಲೆ ರುಚಿ ನೋಡಿ ಅದೇ ಡಬ್ಬಿಯನ್ನು ಎರಡು ಗೇಣು ಈಚೆ ತಂದರು, ಆ ಮಾತು ಬೇರೆ.

ಈ ಮದ್ದನ್ನು ತಯಾರಿಸುವ ಹಕ್ಕು ನಮ್ಮ ಮನೆತನದಲ್ಲಿ ಒಬ್ಬರಿಗೆ ಮಾತ್ರ ಇತ್ತು. ಅವರು ನನ್ನ ಅತ್ತೆ. ನಾನು ಮಾಮಿ ಎಂದು ಕರೆಯುವುದು. ಕಕ್ಕಿಂಜೆಯ ಮನೆಯಲ್ಲಿ ದೊಡ್ಡ ಮಗ, ಸೊಸೆಯ ಜೊತೆ ಇರುತ್ತಾರೆ, ಅಂದರೆ ಅವರಿಬ್ಬರು ಮಾಮಿಯ ಜೊತೆ ಇರುತ್ತಾರೆ. ನಾನು ಸಣ್ಣ ಸೊಸೆ. ನಾನೂ ನನ್ನ ಗಂಡನೂ ಬಂಟ್ವಾಳದಲ್ಲಿ ಒಂದು ಫ್ಲಾಟಿನ ಮೂರನೇ ಮಹಡಿಯಲ್ಲಿದ್ದೇವೆ. ಅವರದ್ದು ಚಪ್ಪಲಿ ಅಂಗಡಿ.

ಮದುವೆಯಾದ ಹೊಸತರಲ್ಲಿ, ಹತ್ತೊಂಬತ್ತು ವರ್ಷದ ಹಿಂದೆ, ಒಮ್ಮೆ ನಾನು ಕಕ್ಕಿಂಜೆಯ ಅಡುಗೆಮನೆಯಲ್ಲಿ ಕುಂಞಿ ಪಿಂಡಿ ಮಾಡುವ ಸಾಹಸಕ್ಕೆ ಇಳಿದಿದ್ದೆ. ನನ್ನ ತವರು ತೋಡಾರು. ಅಲ್ಲಿ ನನ್ನ ಉಮ್ಮ ಪಿಂಡಿಯನ್ನು ಗೋಲಿಯಷ್ಟು ದಪ್ಪ ಉರುಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಕಕ್ಕಿಂಜೆಯಲ್ಲಾದರೋ ಪಿಂಡಿ ಕಡಲೆಕಾಳಿನ ಗಾತ್ರ ಮೀರಬಾರದು, ಮೈಯಲ್ಲಿ ಒಂದು ಗೀರೂ ಇರಬಾರದು ಎಂಬ ಕಾನೂನು ಇದ್ದದ್ದು ನನಗೆ ಯಾರೂ ಹೇಳಿರಲಿಲ್ಲ. ಮಾಮಿ ಸೌಟಿನಲ್ಲಿ ಒಂದನ್ನು ಎತ್ತಿ, ಊಟಕ್ಕೆ ಕೂತಿದ್ದ ಹನ್ನೊಂದು ಜನರಿಗೂ ಕಾಣುವ ಹಾಗೆ ಹಿಡಿದು, "ಇದು ಪಿಂಡಿಯಾ, ಅರೆಯುವ ಕಲ್ಲಿನ ಗುಂಡಾ?" ಎಂದರು. ಹತ್ತು ಜನ ನಕ್ಕರು. ನನ್ನ ಗಂಡ ನಗಲಿಲ್ಲ, ಅವರು ಕೆಮ್ಮಿದರು.

ಅಂದಿನಿಂದ ಮಾಮಿ ಪಿಂಡಿಗೆ ಕೂತಾಗ ನಾನು ಹತ್ತಿರ ಹೋದರೆ, "ನೀನು ಟೀಚರ್ ಅಲ್ವಾ, ಹೋಗಿ ಪೇಪರ್ ತಿದ್ದು" ಎನ್ನುತ್ತಿದ್ದರು. ಎಷ್ಟು ಗೌರವ! ಶಾಲೆಗೆ ರಜೆ ಇರುವ ದಿನಗಳಲ್ಲೂ ನನಗೆ ತಿದ್ದಲು ಪೇಪರ್ ಇರುತ್ತದೆ ಎಂದು ನಂಬಿದ್ದ ಜಗತ್ತಿನ ಏಕೈಕ ವ್ಯಕ್ತಿ ಅವರು.

ಹೀಗಿರುವಾಗ ಈಚೆಗೆ ಬೆಳ್ತಂಗಡಿಯ ಹಾಲ್ ಒಂದರಲ್ಲಿ ನೆಂಟರ ಮದುವೆ. ಮಾಮಿ ಒಬ್ಬ ಹೆಂಗಸಿನ ಎರಡೂ ಕೈ ಹಿಡಿದುಕೊಂಡು, ಅವಳ ಹರ್ನಿಯಾ ಆಪರೇಶನ್ ಬಗ್ಗೆ ಹತ್ತು ನಿಮಿಷ ವಿಚಾರಿಸಿದರು. ಹೊಲಿಗೆ ಒಣಗಿತಾ, ಭಾರ ಎತ್ತುತ್ತೀಯಾ, ಮೂಲಂಗಿ ತಿನ್ನಬೇಡ ಎಂದೆಲ್ಲ. ಹರ್ನಿಯಾ ಆಗಿದ್ದದ್ದು ಮಾಮಿಯ ತಂಗಿಗೆ. ಆ ತಂಗಿ ಪಕ್ಕದ ಸಾಲಿನಲ್ಲಿ ಕೂತು ಐಸ್ ಕ್ರೀಮ್ ತಿನ್ನುತ್ತಿದ್ದರು. ಕೈ ಹಿಡಿಸಿಕೊಂಡ ಹೆಂಗಸು ಹುಡುಗನ ಕಡೆಯವಳು, ಪಾಪ, ಮರ್ಯಾದೆಗೆ ಎಲ್ಲದಕ್ಕೂ ಹೂಂ ಎಂದಿದ್ದಳು.

ಮರುವಾರವೇ ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿನಲ್ಲಿ ಪೊರೆ. "ಇಷ್ಟು ಬಲಿಯುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ವಾ?" ಎಂದು ಡಾಕ್ಟರು ಕೇಳಿದರು. ನಾವೆಲ್ಲ ಗೋಡೆಯ ಮೇಲಿನ ಅಕ್ಷರಗಳ ಪಟವನ್ನು ಬಹಳ ಆಸಕ್ತಿಯಿಂದ ಓದತೊಡಗಿದೆವು. ಮೊದಲು ಬಲಗಣ್ಣು, ಒಂದೂವರೆ ತಿಂಗಳ ನಂತರ ಎಡಗಣ್ಣು ಎಂದು ತೀರ್ಮಾನವಾಯಿತು. ತಪಾಸಣೆಗೆ ಹೋಗಿ ಬರಲು ಹತ್ತಿರವೆಂದು ಆಪರೇಶನ್ ಆದ ಮೇಲೆ ಮಾಮಿಯನ್ನು ನಮ್ಮ ಫ್ಲಾಟಿಗೇ ಕರೆತಂದೆವು.

ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಸೋಕಬಾರದು, ಒಲೆಯ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಮಾತಾಡಬಾರದು ಎಂದು ಹೇಳಲು ಮರೆತಿದ್ದರು. ಬಿಸಿಲಿಗೆ ಹೋಗುವಾಗ ಹಾಕಿಕೊಳ್ಳಲು ಕೊಟ್ಟ ಕಪ್ಪು ಕನ್ನಡಕವನ್ನು ಮಾಮಿ ಮನೆಯೊಳಗೂ ತೆಗೆಯಲಿಲ್ಲ. ತಲೆಗೆ ಬಿಳಿ ದುಪಟ್ಟಾ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಟಿವಿಯ ರಿಮೋಟು. ಕಕ್ಕಿಂಜೆಯಲ್ಲಿ, ಚಾರ್ಮಾಡಿ ಘಾಟಿಯ ತಂಪು ಗಾಳಿಯಲ್ಲಿ ಎಪ್ಪತ್ತೆರಡು ವರ್ಷ ಕಳೆದ ಜೀವ ನಮ್ಮ ಹಾಲಿನಲ್ಲಿ ಸಿನಿಮಾದ ಖಳನಾಯಕನ ಹಾಗೆ ಕೂತಿತು.

ಮೊದಲ ದಿನವೇ ಕನ್ನಡಕದ ಬದಿಯಿಂದ ಇಣುಕಿ, "ಈ ಗೋಡೆ ಬಿಳಿಯಾ? ನಾನು ಹಳದಿ ಅಂತ ಎಣಿಸಿದ್ದೆ" ಎಂದರು. ಎರಡನೇ ದಿನ, "ಆ ಫ್ಯಾನಿನ ರೆಕ್ಕೆ ಯಾವತ್ತು ಒರೆಸಿದ್ದು?" ಮೂರನೇ ದಿನ ಕಣ್ಣಿಗೆ ಮದ್ದು ಬಿಡಲು ನಾನು ಬಗ್ಗಿದಾಗ ನನ್ನ ಮುಖವನ್ನೇ ನೋಡಿ, "ನಿನಗೆ ಇಷ್ಟು ನರೆ ಬಂದದ್ದು ಯಾವಾಗ ಮಾರಾಯ್ತಿ?" ಎಂದರು. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ನನಗೆ ಹೆಮ್ಮೆಯಾಯಿತು.

ನಾಲ್ಕನೇ ದಿನ ಅನ್ನದ ತಟ್ಟೆಯನ್ನು ಆಚೆ ತಳ್ಳಿದರು. ನೋಡಲು ಬಂದವರು ಹೊತ್ತು ತಂದ ಸೇಬು, ದ್ರಾಕ್ಷಿ ಯಾವುದೂ ಬೇಡ. ಗಂಜಿ ಬೇಡ. ಮೀನು ಸಾರು ಬೇಡ.

"ಮತ್ತೆ ಎಂತ ಬೇಕು ಉಮ್ಮ?" ಎಂದು ನನ್ನ ಗಂಡ ಕೇಳಿದರು.

"ಎಂತದೂ ಬೇಡ. ನನ್ನನ್ನು ಕಕ್ಕಿಂಜೆಗೆ ಬಿಡು. ಅಲ್ಲಿ ನಾನೇ ಒಂದಿಷ್ಟು ಪಿಂಡಿ ಮಾಡಿ ತಿನ್ತೇನೆ."

"ಒಲೆ ಹತ್ತಿರ ಹೋಗ್ಬಾರದು ಅಂತ ಹೇಳಿದ್ದಾರಲ್ಲ."

"ಹಾಗಾದ್ರೆ ಹಸಿದು ಕೂತ್ಕೊಳ್ತೇನೆ. ಕಣ್ಣಿಗೆ ಒಳ್ಳೇದಂತೆ."

ಗಂಡ ನನ್ನ ಮುಖ ನೋಡಿದರು. ನಾನು ಫ್ಯಾನಿನ ರೆಕ್ಕೆ ನೋಡಿದೆ. ಕೊನೆಗೆ ನನ್ನ ಬಾಯಿಂದಲೇ, "ನಾನು ಮಾಡ್ತೇನೆ" ಎಂಬ ಮಾತು ಬಂತು. ಮಾಮಿ ಟಿವಿಯ ದನಿ ತಗ್ಗಿಸಿದರು. ಆಮೇಲೆ, "ನಿನಗೆ ಪೇಪರ್ ಇಲ್ವಾ?" ಎಂದರು.

ಆದಿತ್ಯವಾರ ಬೆಳಿಗ್ಗೆ ಕುಚ್ಚಲಕ್ಕಿ ನೆನೆಹಾಕಿ, ಗಂಡನನ್ನು ಕೋಳಿಗೆ ಕಳಿಸಿದೆ. ಅವರು ಹದಿನೈದು ನಿಮಿಷದಲ್ಲಿ ಪ್ಲಾಸ್ಟಿಕ್ ತೊಟ್ಟೆ ಆಡಿಸುತ್ತ ಹಿಂತಿರುಗಿದರು. ಮಾಮಿ ಕೂತಲ್ಲಿಂದಲೇ, "ಇಷ್ಟು ಬೇಗ ಬಂದಿಯಲ್ಲ, ಬ್ರಾಯ್ಲರಾ?" ಎಂದರು. ಕೋಳಿ ಕೋಳಿಯೇ ಅಲ್ಲವೇ ಎಂಬ ಅರ್ಥದ ಏನನ್ನೋ ಗಂಡ ಗೊಣಗಿದರು. ಕಪ್ಪು ಕನ್ನಡಕ ನಿಧಾನಕ್ಕೆ ಅವರ ಕಡೆ ತಿರುಗಿತು. ಐವತ್ತು ವರ್ಷದ ಗಂಡಸು, ಅಂಗಡಿಯಲ್ಲಿ ಮೂವರಿಗೆ ಯಜಮಾನ, ಬೈಕಿನ ಕೀಲಿ ತೆಗೆದುಕೊಂಡು ವಾಮದಪದವಿಗೆ ಹೋದರು. ಅಲ್ಲಿ ಅವರ ಪರಿಚಯದವರೊಬ್ಬರು ಊರ ಕೋಳಿ ಸಾಕಿದ್ದಾರೆ. ಬ್ರಾಯ್ಲರ್ ಕೋಳಿ ಫ್ರಿಜ್ಜಿನಲ್ಲಿ ಅವಮಾನ ಅನುಭವಿಸುತ್ತ ಮಲಗಿತು.

ಊರ ಕೋಳಿ ಬಂದು, ಮಸಾಲೆ ಹುರಿದು, ಸಾರು ಕುದಿಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕೊತ್ತಂಬರಿ ಹುರಿದ ವಾಸನೆಗೆ ಹಾಲಿನಿಂದ "ಸಾಕು, ಇಳಿಸು" ಎಂಬ ಆಜ್ಞೆ ಬಂತು, ಇಳಿಸಿದೆ. ಕೆಟ್ಟದ್ದು ಅಕ್ಕಿ ಅರೆಯುವಾಗ. ಅಕ್ಕಿಗೆ ತೆಂಗಿನತುರಿ, ಸಣ್ಣ ನೀರುಳ್ಳಿ, ಜೀರಿಗೆ ಸೇರಿಸಿ ನೀರೇ ಇಲ್ಲವೆನ್ನುವಷ್ಟು ಗಟ್ಟಿಯಾಗಿ ಅರೆಯಬೇಕು. ಗ್ರೈಂಡರ್ ಸಿಕ್ಕಿಹಾಕಿಕೊಂಡಿತು. ಒಂದು ಲೋಟ ನೀರು ಸುರಿದೆ. ಅದು ಆರಾಮವಾಗಿ ತಿರುಗತೊಡಗಿತು.

"ನೀರು ಹೊಯ್ದಿಯಾ?" ಹಾಲಿನಿಂದ ಪ್ರಶ್ನೆ ಬಂತು.

"ಇಲ್ಲ ಮಾಮಿ."

"ಗ್ರೈಂಡರ್ ನಗ್ತಾ ಉಂಟಲ್ಲ."

ಮುಚ್ಚಳ ತೆಗೆದು ನೋಡಿದರೆ ಚೆನ್ನಾದ ದೋಸೆ ಹಿಟ್ಟು. ನನಗೆ ಅಳುವೇ ಬಂತು. ಹೈಸ್ಕೂಲಿನ ಮಕ್ಕಳಿಗೆ ಸಂಧಿ, ಸಮಾಸ ಎಲ್ಲ ಬಿಡಿಸಿ ಹೇಳುವವಳು, ಅಕ್ಕಿಯನ್ನೂ ನೀರನ್ನೂ ಬಿಡಿಸಲಾರದೆ ನಿಂತಿದ್ದೆ. ಗ್ಯಾಸಿನ ಉರಿ ಆರಿಸಿದೆ. ಆಗ ಹಿಂದಿನಿಂದ ಮಾಮಿಯ ದನಿ: "ಒಲೆ ಆರಿಸಿದ್ದೀಯಲ್ಲ, ಇನ್ನು ನಾನು ಒಳಗೆ ಬರಬಹುದು. ಡಾಕ್ಟರ್ ಒಲೆ ಅಂತ ಹೇಳಿದ್ದು, ಅಡುಗೆಮನೆ ಅಂತ ಹೇಳಲಿಲ್ಲ."

ಹಿಟ್ಟಿನಲ್ಲಿ ಬೆರಳು ಅದ್ದಿದರು. ನಾನು ಅರೆಯುವ ಕಲ್ಲಿನ ಹೊಸ ಹೋಲಿಕೆಗೆ ತಯಾರಾಗಿ ನಿಂತೆ. "ತೆಳು ಬಟ್ಟೆ ಉಂಟಾ?" ಎಂದರು ಅಷ್ಟೆ. ಹಳೆಯ ದುಪಟ್ಟಾ ಕೊಟ್ಟೆ. ಹಿಟ್ಟನ್ನು ಅದರಲ್ಲಿ ಕಟ್ಟಿಸಿ, ನಲ್ಲಿಗೆ ನೇತುಹಾಕಿಸಿ, ಅರ್ಧ ಗಂಟೆ ನೀರು ಇಳಿಯಲು ಬಿಟ್ಟರು. ಆಮೇಲೆ ಎರಡು ಹಿಡಿ ಅಕ್ಕಿ ಹುಡಿ ಹಾಕಿಸಿ ನಾದಿಸಿದರು. ಅಕ್ಕಿ ಹುಡಿ! ಕಕ್ಕಿಂಜೆಯಲ್ಲಿ ಯಾರಾದರೂ ಅದರ ಹೆಸರೆತ್ತಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು.

"ಯಾರಿಗೂ ಹೇಳ್ಬೇಡ" ಎಂದರು. "ನಾನೂ ಹೇಳ್ಲಿಲ್ಲ ಇಷ್ಟು ವರ್ಷ."

ಊಟದ ಮೇಜಿನ ಮೇಲೆ ಹಿಟ್ಟಿನ ಬೋಗುಣಿ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂತೆವು. ಮಾಮಿ ಆಗ ಕನ್ನಡಕ ತೆಗೆದಿಟ್ಟರು. ಒಂದು ಪಿಂಡಿ ಉರುಟಿ ಬಲಗಣ್ಣಿನ ಮುಂದೆ ಹಿಡಿದು ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು.

"ನಾಲ್ಕು ವರ್ಷ ಆಯ್ತು ನನಗೆ ಪಿಂಡಿ ಸರಿ ಕಾಣದೆ" ಎಂದರು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾಲ್ಕು ವರ್ಷದಿಂದ ಮಾಮಿಯ ಪಿಂಡಿಗಳು ಒಂದೊಂದು ಒಂದೊಂದು ದಾರಿ ಹಿಡಿದಿದ್ದವು. ಒಂದು ಕಾಳುಮೆಣಸಿನಷ್ಟು, ಇನ್ನೊಂದು ಲಿಂಬೆಹಣ್ಣಿನಷ್ಟು. ದೊಡ್ಡದರ ಒಳಗೆ ಹಸಿ ಹಿಟ್ಟು. ಒಮ್ಮೆ ತೆಂಗಿನ ಕರಟದ ಚೂರು ಸಿಕ್ಕಿ ದೊಡ್ಡ ಭಾವನ ಹಲ್ಲು ಅಲುಗಿತ್ತು. ಅವರು ಅದನ್ನು ನುಂಗಿ, "ಏನು ರುಚಿ!" ಎಂದಿದ್ದರು. ಹನ್ನೊಂದು ಜನವೂ ತಲೆಯಾಡಿಸಿದ್ದರು. ನಮ್ಮ ಮನೆತನದಲ್ಲಿ ಸತ್ಯವಂತರಿಗೆ ಯಾವತ್ತೂ ಕೊರತೆಯಿಲ್ಲ.

"ಕಳೆದ ಎರಡು ಹಬ್ಬಕ್ಕೂ, ನಾನು ನಮಾಜಿಗೆ ಎದ್ದು ಹೋದಾಗ, ನೀನು ನನ್ನ ಪಿಂಡಿ ಮುರಿದು ಪುನಃ ಉರುಟಿದ್ದಿ."

ನನ್ನ ಕೈ ನಿಂತಿತು. ಅದು ನಿಜ. ದೊಡ್ಡವನ್ನು ಒಡೆದು, ಸಣ್ಣವನ್ನು ಕೂಡಿಸಿ, ಅವರ ನಮಾಜಿನ ಕೊನೆಯ ಸಲಾಂ ಮುಗಿಯುವುದರೊಳಗೆ ತಟ್ಟೆ ಮೊದಲಿನಂತೆ ಇಟ್ಟು ಓಡುತ್ತಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳ ಎದೆ ಹೇಗೆ ಬಡಿದುಕೊಳ್ಳುತ್ತದೆಂದು ಆಗಲೇ ನನಗೆ ಗೊತ್ತಾದದ್ದು.

"ಇಲ್ಲ ಮಾಮಿ" ಎಂದೆ.

"ಸುಳ್ಳು ಹೇಳ್ಬೇಡ. ಹೋದದ್ದು ಕಣ್ಣು, ಬೆರಳಲ್ಲ. ಮುಟ್ಟಿದ್ರೆ ಎಲ್ಲದರಲ್ಲೂ ಗುಳಿ ಇತ್ತು. ನಮ್ಮ ಮನೆಯಲ್ಲಿ ಗುಳಿ ಒತ್ತುವವಳು ನೀನೊಬ್ಬಳೇ."

ಅಭ್ಯಾಸ ಎಂಬುದು ಎಂಥ ಚಾಡಿಕೋರ! ಕದ್ದು ಮಾಡಿದ ಕೆಲಸಕ್ಕೂ ನಾನು ಸಹಿ ಹಾಕಿ ಬಂದಿದ್ದೆ.

"ಕಣ್ಣು ಕಾಣುವುದಿಲ್ಲ ಅಂತ ನೀವು ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವೆಲ್ಲ ನನ್ನನ್ನು ಅಡುಗೆಮನೆಯಿಂದ ಹೊರಗೆ ಕೂರಿಸ್ತಿದ್ದಿರಿ."

"ನೀವು ನನ್ನನ್ನು ಹತ್ತೊಂಬತ್ತು ವರ್ಷ ಕೂರಿಸಿದ್ರಲ್ಲ ಮಾಮಿ."

ಹೇಳಬೇಕೆಂದು ಹೇಳಿದ್ದಲ್ಲ, ಜಾರಿಬಿತ್ತು. ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಕೆಮ್ಮಿದರು. ಮಾಮಿ ತಟ್ಟೆ ನೋಡುತ್ತ ಕೂತರು. ನಾನು ಹೆದರಿ ಕಡಲೆಕಾಳಿನ ಗಾತ್ರದ್ದನ್ನೇ, ಗುಳಿಯಿಲ್ಲದೆ, ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ.

"ಅದು ಹೌದು" ಎಂದರು ಕೊನೆಗೆ. "ಆ ದಿವಸ ಎಲ್ಲರ ಎದುರು ಹಾಗೆ ಹೇಳ್ಬಾರದಿತ್ತು. ನಿನ್ನ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತ್ತು. ಆಗ ಕಣ್ಣು ಚೆನ್ನಾಗಿಯೇ ಇತ್ತು." ಆಮೇಲೆ ನನ್ನ ತಟ್ಟೆಯ ಕಡೆ ಗಲ್ಲ ತೋರಿಸಿ, "ಗುಳಿ ಒತ್ತು. ಒಳಗೆ ಬೇಗ ಬೇಯ್ತದೆ" ಎಂದರು.

ನಾನು ಒತ್ತಿದೆ. ಕಣ್ಣಿಗೆ ನೀರು ಸೋಕಬಾರದೆಂಬ ಪಥ್ಯ ಅವರಿಗೆ ಮಾತ್ರ ಇದ್ದದ್ದರಿಂದ ನನಗೇನೂ ತೊಂದರೆಯಾಗಲಿಲ್ಲ.

ಪಿಂಡಿ ಹಬೆಯಲ್ಲಿ ಬೆಂದು, ಸಾರಿಗೆ ಬಿದ್ದು, ಒಂದು ಕುದಿ ಬರುವಾಗ ಮಧ್ಯಾಹ್ನ ಎರಡು ಗಂಟೆ. ಬಟ್ಟಲಲ್ಲಿ ಬಡಿಸಿ ಮುಂದಿಟ್ಟೆ. ಮಾಮಿ ಚಮಚ ಬೇಡವೆಂದು ಕೈಯಲ್ಲೇ ಒಂದನ್ನು ಎತ್ತಿ, ಅಮುಕಿ ನೋಡಿ, ಬಾಯಿಗಿಟ್ಟು ಅಗಿದರು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ನಾನು ಹಾಗೆ ಉಸಿರು ಹಿಡಿದಿರಲಿಲ್ಲ.

"ಉಪ್ಪು ಸ್ವಲ್ಪ ಕಮ್ಮಿ" ಎಂದರು. ಮೂರು ಬಟ್ಟಲು ತಿಂದರು.

ನನ್ನ ಗಂಡ ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಏನೇ ಹೇಳಿ ಉಮ್ಮ, ನಿಮ್ಮ ಕೈಯ ರುಚಿಯೇ ಬೇರೆ" ಎಂದರು. ಮೂರು ಗಂಟೆ ಹೊತ್ತು ಬಾಲ್ಕನಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮನುಷ್ಯ! ನಾನು ಮಾಮಿಯ ಕಡೆ ನೋಡಿದೆ, ನ್ಯಾಯ ಸಿಗುತ್ತದೆಂದು. ಮಾಮಿ ಕಪ್ಪು ಕನ್ನಡಕ ಮತ್ತೆ ಏರಿಸಿಕೊಂಡರು.

"ಮತ್ತೆ? ಸುಮ್ನೆಯಾ?" ಎಂದರು, ಗಂಭೀರವಾಗಿ.

ಸಂಜೆಯೊಳಗೆ ಅವರು ಕಕ್ಕಿಂಜೆಗೂ, ಹರ್ನಿಯಾದ ತಂಗಿಗೂ ಫೋನ್ ಮಾಡಿ, ಸಣ್ಣ ಸೊಸೆಗೆ ಒಂದೇ ದಿನದಲ್ಲಿ ಪಿಂಡಿ ಕಲಿಸಿದ ಸಾಧನೆಯನ್ನು ವಿವರಿಸಿದರು. ತೋಡಾರಿನ ನನ್ನ ಉಮ್ಮನಿಗೂ ಫೋನ್ ಹೋಯಿತು. ಉಮ್ಮ ಆಮೇಲೆ ನನಗೆ ಫೋನ್ ಮಾಡಿ, "ನಾನು ಕಲಿಸಿದ್ದು ಎಂತದು ಹಾಗಾದ್ರೆ?" ಎಂದು ಅರ್ಧ ಗಂಟೆ ಬೈದರು. ಎಲ್ಲರ ಮನಸ್ಸೂ ಹಗುರಾಯಿತು, ನನ್ನ ಕಿವಿಯೊಂದನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಡುಗೆಮನೆಗೆ ಹೋದರೆ ಮಾಮಿ ಆಗಲೇ ಅಲ್ಲಿದ್ದರು. ತಣ್ಣಗಿನ ಒಲೆಯ ಪಕ್ಕ ನಿಂತು, ಉಳಿದ ಪಿಂಡಿಯ ಪಾತ್ರೆಯ ಮುಚ್ಚಳ ತೆಗೆದಿದ್ದರು. ಸಾರು ಹೀರಿಕೊಂಡ ಹಳೆ ಪಿಂಡಿಯ ರುಚಿ ಹೊಸತಕ್ಕಿಲ್ಲ. ಅದು ಇಡೀ ಕರಾವಳಿಗೆ ಗೊತ್ತಿರುವ ಗುಟ್ಟು. ನನ್ನನ್ನು ನೋಡಿ ಅವರು ಸ್ವಲ್ಪ ಸರಿದು ಜಾಗ ಕೊಟ್ಟರು. ಇಬ್ಬರೂ ನಿಂತೇ, ಬಟ್ಟಲಿನ ಗೋಜಿಲ್ಲದೆ, ಪಾತ್ರೆಯಿಂದಲೇ ತಿಂದು ಮುಗಿಸಿದೆವು. ಕೊನೆಯ ಎರಡನ್ನು ನನಗೆ ಬಿಟ್ಟುಕೊಟ್ಟರು.

ಎಂಟು ಗಂಟೆಗೆ ಎದ್ದ ಗಂಡ ಪಾತ್ರೆ ಇಣುಕಿ ನೋಡಿ, "ನಿನ್ನೆಯದು ಉಳಿದಿತ್ತಲ್ಲ?" ಎಂದರು.

"ಬೆಕ್ಕು ಬಂದಿತ್ತು" ಎಂದರು ಮಾಮಿ.

"ಮೂರನೇ ಮಹಡಿಗೆ ಯಾವ ಬೆಕ್ಕು ಬರ್ತದೆ ಉಮ್ಮ?"

"ನನಗೆ ಹೇಗೆ ಗೊತ್ತು? ನನಗೆ ಕಣ್ಣು ಕಾಣುವುದಿಲ್ಲ" ಎಂದು ಮಾಮಿ, ಮದ್ದು ಹಾಕಿಸಿಕೊಳ್ಳಲು ನನ್ನ ಕಡೆ ಮುಖ ಎತ್ತಿದರು.