ಫೋನಿನಲ್ಲಿ ಕಂಡ ಬಳೆಯ ಕೈ

ಮಕ್ಕಳೇ, ನಿಮ್ಮಮ್ಮ ಫೋನಿನಲ್ಲಿ ರಂಗೋಲಿ ಮಾರುತ್ತೇನೆಂದಾಗ ನಾನು ರಂಗೋಲಿ ಪುಡಿ ಎಂದುಕೊಂಡೆ. ದೊಡ್ಡಬಳ್ಳಾಪುರದ ಬೀದಿಯಲ್ಲಿ ಸೇರಿನಲ್ಲಿ ಅಳೆದು ಕೊಡುತ್ತಾರಲ್ಲ, ಹಾಗೆ. ಅವಳು ಮಾರಲು ಹೊರಟದ್ದು ಬರೀ ಚಿತ್ರವನ್ನು. ನಾನು ಕಾಗದದ ಮೇಲೆ ಚುಕ್ಕಿಯಿಟ್ಟು ಎಳೆಯಬೇಕು, ಅವಳು ಅದನ್ನು ಫೋನಿಗೆ ಏರಿಸಬೇಕು. ಎಲ್ಲೋ ಇರುವವರು ದುಡ್ಡು ಹಾಕಿದರೆ ಚಿತ್ರ ಅವರ ಫೋನಿಗೆ ಹೋಗುತ್ತದೆ, ಕಾಗದ ನಮ್ಮ ಮನೆಯಲ್ಲೇ ಉಳಿಯುತ್ತದೆ. ಹಸು ಮಾರಿದವನು ಮಾರನೆಯ ದಿನವೂ ಹಾಲು ಕರೆದುಕೊಂಡಂತೆ. ಇದು ನೆಟ್ಟಗಿನ ವ್ಯಾಪಾರವೇ?

“ಏನಕ್ಕಾ, ಸೊಸೆ ಗಾಳಿ ಮಾರ್ತಾವ್ಳಂತೆ? ತೂಕ ಹೆಂಗ್ ಹಾಕ್ತೀರಾ?” ಎಂದು ಎದುರು ಮನೆಯಾಕೆ ನಕ್ಕಳು. ನಾನೂ ನಕ್ಕೆ. ಒಳಗೆ ನನಗೂ ಅದೇ ಗುಮಾನಿ.

ನಿಮ್ಮ ತಾತ ಹೋದ ಮೇಲೆ ನಾನು ಬೀದಿಬಾಗಿಲಿಗೆ ರಂಗೋಲಿ ಇಟ್ಟಿಲ್ಲ. ಯಾರೂ ಬೇಡವೆನ್ನಲಿಲ್ಲ. ನಮ್ಮೂರು ಸಾಸಲಿನ ಕಡೆ ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಬೇರೆ ಯಾರೋ ಇಟ್ಟಾಗಿರುತ್ತದೆ. ಹಿತ್ತಲಲ್ಲಿ ನೀರೊಲೆಯ ಮುಂದೆ ಮಾತ್ರ ಇಡುತ್ತಿದ್ದೆ. ಕಾಗದಕ್ಕೆ ಬಾಗಿಲಿಲ್ಲವಲ್ಲ ಎಂದು ಬರೆಯಲು ಒಪ್ಪಿದೆ.

“ಎಳೆಯೋ ಕೈ ತೋರ್ಸಿದ್ರೆ ಜನ ನಂಬ್ತಾರೆ ಅತ್ತೆ” ಎಂದು ನಿಮ್ಮಮ್ಮ ಒಂದು ದಿನ ಫೋನು ಹಿಡಿದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ಎದ್ದು ಹೋದಳು.

ಆಮೇಲೆ ನಿಮ್ಮಲ್ಲೇ ಒಬ್ಬರು “ಅಜ್ಜಿ, ನಿನ್ ರಂಗೋಲಿ!” ಎಂದು ವಿಡಿಯೋ ತೋರಿಸಿದಿರಿ. ಚಿತ್ರ ನನ್ನದೇ. ಎಳೆಯುತ್ತಿದ್ದ ಕೈ ನಿಮ್ಮಮ್ಮನದು, ಅದರ ತುಂಬ ಹಸಿರು ಗಾಜಿನ ಬಳೆ.

ಓಹೋ, ನನ್ನನ್ನು ಮುಚ್ಚಿಟ್ಟಿದ್ದಾಳೆ ಎಂದುಕೊಂಡೆ. ಅಂದಿನಿಂದ ಅವಳ ಫೋನು ಬಡಿದುಕೊಂಡರೆ ನನಗೆ ಬಾಯಾರಿಕೆ. ನೀರಿನ ನೆಪದಲ್ಲಿ ಹಿಂದೆಯೇ ಹೋಗಿ ಕಿವಿಗೊಡುತ್ತಿದ್ದೆ. “ನಮ್ಮತ್ತೆ ಬರೆಯೋದು” ಎನ್ನುವಳು, ನನ್ನನ್ನು ಕಂಡೊಡನೆ ದನಿ ತಗ್ಗಿಸುವಳು.

ಹೊಸಕೋಟೆಯ ಹೆಂಗಸೊಬ್ಬಳು ಮಗಳ ಮದುವೆಯ ಚಪ್ಪರದ ಮುಂದೆ ಹಾಕಲು ದೊಡ್ಡ ರಂಗೋಲಿ ಕೇಳಿದಾಗ ನನಗೆ ತಡೆಯಲಾಗಲಿಲ್ಲ.

“ಆಯಮ್ಮಂಗೆ ಹೇಳಿದ್ಯಾ?” ಎಂದೆ.

“ಏನ್ ಹೇಳ್ಬೇಕಿತ್ತು ಅತ್ತೆ?”

“ಬರೆದೋಳು ಗಂಡ ಇಲ್ದೋಳು ಅಂತ. ಅದು ತಿಳೀಬಾರ್ದು ಅಂತ್ಲೇ ಅಲ್ವಾ ನೀನು ಬಳೆ ಕೈ ತೋರ್ಸಿದ್ದು?”

ನಿಮ್ಮಮ್ಮನ ಮುಖ ಕೆಂಪಾಯಿತು. “ಕೈ ಒಳಕ್ಕೆ ಎಳ್ಕೊಂಡೋರು ನೀವು. ನಿಮಗೆ ಇಷ್ಟ ಇಲ್ಲ ಅನ್ಕೊಂಡೆ. ಮುಚ್ಚಿಟ್ಟಿದ್ದು ನಾನಾ?”

“ಫೋನ್ ಮಾಡು, ನಾನೇ ಹೇಳ್ತೀನಿ” ಎಂದೆ.

ಸ್ಕೂಲಿನಲ್ಲಿ ಹಾಜರಿ ಕೂಗಿದರೂ ಮುಂದಿನವಳ ಬೆನ್ನ ಹಿಂದಿನಿಂದ ಉತ್ತರಿಸುತ್ತಿದ್ದವಳು ನಾನು. ಆಕೆ ‘ಹಲೋ’ ಎಂದಾಗ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಅಮ್ಮಾ, ಆ ರಂಗೋಲಿ ಬರೆಯೋದು ನಾನು. ನಮ್ಮ ಯಜಮಾನ್ರು ಇಲ್ಲ. ಮದುವೆ ಮನೆಗೆ ಆಗ್ತದಾ ನೋಡ್ಕೊಳ್ಳಿ.”

ಆ ಕಡೆ ಮಿಕ್ಸಿ ತಿರುಗುತ್ತಿತ್ತು. ಅದು ನಿಂತಿತು. “ಮನೇಲಿ ಕೇಳಿ ಹೇಳ್ತೀನಮ್ಮ” ಎಂದು ಫೋನಿಟ್ಟಳು.

ಹೋಯಿತು ಎಂದುಕೊಂಡೆ. ಇವಳ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿದೆ ಎಂದೂ ಅನ್ನಿಸಿತು. ನಿಮ್ಮಮ್ಮ ಸೊಪ್ಪು ಬಿಡಿಸುತ್ತಿದ್ದಳು. ಸಂಜೆ ಫೋನು ಬಡಿದುಕೊಂಡಾಗ ಅದನ್ನು ನನ್ನ ಮುಂದೆಯೇ ಇಟ್ಟು ದನಿ ದೊಡ್ಡದು ಮಾಡಿದಳು.

“ಅಮ್ಮಾ, ಚಪ್ಪರದ ಮುಂದೆ ಜಾಗ ಕಮ್ಮಿ. ಎರಡು ಸಾಲು ಚುಕ್ಕಿ ಇಳ್ಸಿ ಬರ್ಕೊಡ್ತೀರಾ?”

ಅಷ್ಟೇ. ಮನೆಯಲ್ಲಿ ಕೇಳಿದಳೋ, ಯಾರು ಏನೆಂದರೋ ಹೇಳಲಿಲ್ಲ. ಕೇಳದೆಯೇ ಜಾಗದ ಮಾತು ತೆಗೆದಳೇನೋ ಎಂಬ ಗುಮಾನಿ ನನಗೆ ಈಗಲೂ ಇದೆ. ನಾನೂ ಕೆದಕಲಿಲ್ಲ.

ಮಾರನೆಯ ಬೆಳಿಗ್ಗೆ ಬರೆಯಲು ಕುಳಿತೆ. ನಿಮ್ಮಮ್ಮ ಫೋನನ್ನು ಅಕ್ಕಿ ಅಳೆಯುವ ಪಾವಿಗೆ ಒರಗಿಸಿ ನನ್ನ ಮುಖ ನೋಡಿದಳು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಚುಕ್ಕಿ ಇಟ್ಟೆ.

ಆ ವಿಡಿಯೋ ಅವಳ ಫೋನಿನ ಅಂಗಡಿಯಲ್ಲಿದೆ. ಕೈ ಬರಿದಾಗಿದ್ದರೆ ಅದು ನನ್ನದು. ಬಳೆ ಕಂಡರೆ, ಯಾಕೆ ಬದಲಾಯಿಸಿದೆ ಎಂದು ನಿಮ್ಮಮ್ಮನನ್ನು ಕೇಳಿ.