ಬಲಗಾಲು ಮುಂದಿಟ್ಟವನು

೨೦೦೩ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟೆ. ಅಲ್ಲಿಂದೀಚೆಗೆ ಕಲಿತದ್ದೆಲ್ಲ ನೋಡಿ ಕಲಿತದ್ದು. ಸನತ್‌ನಗರದಲ್ಲಿ ಕಂಪ್ರೆಸರ್ ರಿಪೇರಿ ಹಾಗೆಯೇ ಕಲಿತೆ. ಆಮೇಲೆ ಹೈದರಾಬಾದಿನದೇ, ಗಿರಾಕಿಗಳು ಜಾರಿ ಆಡಲು ಕೃತಕ ಹಿಮ ಹಾಸಿದ ಒಂದು ಹಾಲ್‌ನಲ್ಲಿ ತಂಪು ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡನ್ನೂ ಹಾಗೆಯೇ ಕಲಿತೆ.

ಮೊದಲ ಸಲ ಆ ಹಲಗೆಯ ಮೇಲೆ ಅಡ್ಡ ನಿಂತಾಗ ಬಲಗಾಲು ಮುಂದಿಟ್ಟೆ. ಹೊಸ ಮನೆ ಹೊಕ್ಕರೂ ಹೊಸ ಕೆಲಸಕ್ಕೆ ಹೋದರೂ ಬಲಗಾಲು ಮೊದಲು ಎಂದು ಅವ್ವ ರೂಢಿ ಮಾಡಿಸಿದ್ದಳು. ಇಲ್ಲಿ ಅದು ನಡೆಯುವುದಿಲ್ಲ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಾಲ್ಕು ವರ್ಷ ಹಾಗೆಯೇ ಜಾರಿದೆ.

ಗಿರಾಕಿಗಳಿಗೆ ಕಲಿಸುವವನೊಬ್ಬ ಬೇಕೆಂದು ಗೊತ್ತಾದಾಗ ಮಾಲೀಕರ ಬಳಿ ಹೋಗಿ, ನಾನೇ ಕಲಿಸುತ್ತೇನೆ ಎಂದೆ. ಕಲಬುರಗಿ ಕಡೆಯವರು ಅವರು. ಎದ್ದು ಬಂದು ಹಿಂದಿನಿಂದ ನನ್ನ ಬೆನ್ನು ತಳ್ಳಿದರು. ಬೀಳದಂತೆ ತಡೆಯಲು ಮುಂದೆ ಬಂದದ್ದು ಎಡಗಾಲು.

"ನೋಡ್ರಿ, ತಾನಾಗೇ ಮುಂದ ಬಂತಲ್ಲ, ನಿಮ್ಮ ಕಾಲು ಇದು. ಇಷ್ಟ್ ದಿನ ಉಲ್ಟಾ ನಿಂತೀರಿ. ಕಲಸಾಂವಗ ಎರಡೂ ಕಡೆ ಬರಬೇಕು. ಒಂದು ತಿಂಗಳು ಟೈಮ್ ಕೊಡ್ತೀನಿ."

ದಿನಾ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ, ಒಂದು ತಾಸು ಎಡಗಾಲು ಮುಂದಿಟ್ಟು ಜಾರತೊಡಗಿದೆ. ಅರ್ಧ ಇಳಿಜಾರು ದಾಟುವಷ್ಟರಲ್ಲಿ ಮೈ ತಾನಾಗಿ ಹಳೆಯ ಕಡೆಗೆ ತಿರುಗುತ್ತಿತ್ತು, ಬೀಳುತ್ತಿದ್ದೆ. ಬಿದ್ದ ಸದ್ದನ್ನೂ ಆ ಹಿಮ ನುಂಗಿಬಿಡುತ್ತಿತ್ತು.

ಟಿಕೆಟ್ ಕೌಂಟರಿನಲ್ಲಿ ಕೂರುವ ಬೀದರಿನ ಹೆಣ್ಣುಮಗಳು ಒಂದು ದಿನ ಬೇಗ ಬಂದವಳು ನೋಡಿಬಿಟ್ಟಳು.

"ಏನಣ್ಣಾ, ಹಿಂಗ ಉದ್ದಕ್ಕ ಬಿದ್ದು ದೀಡ್ ನಮಸ್ಕಾರ ಹಾಕಾಕತ್ತೀರೇನು? ಕೈ ಹಿಡೀಲೇನ್ರಿ?"

"ಬ್ಯಾಡವಾ. ನಂದು ನಾ ಕಲೀತೀನಿ."

"ಸೊಂಟ ಮುರದ್ರೂ ಸೊಕ್ಕು ಮುರಿಯಂಗಿಲ್ಲ ಬಿಡ್ರಿ!"

ನಗುತ್ತಾ ಹೋದಳು. ಮತ್ತೆಂದೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆನೇನೋ.

ತಿಂಗಳು ಮುಗಿಯಲು ಮೂರು ದಿನ ಉಳಿದಿದ್ದಾಗ, ಎಡಗಾಲು ಮುಂದಿಟ್ಟೇ ಕೊನೆಯವರೆಗೂ ಇಳಿದೆ. ತಲೆ ಎತ್ತಿ ಹಾಲ್‌ನ ಗಾಜಿನ ಗೋಡೆಯಾಚೆ ನೋಡಿದೆ. ಕೌಂಟರಿನ ಕುರ್ಚಿ ಖಾಲಿ. ಯಾರಿಗಾದರೂ ಹೇಳಬೇಕೆನಿಸಿತು. ಅವ್ವ ಹೋಗಿ ಆರು ವರ್ಷ. ಹಲಗೆ ಎತ್ತಿಕೊಂಡು ಮೇಲೆ ಹತ್ತಿ ಇನ್ನೊಮ್ಮೆ ಇಳಿದೆ.

ಮಾಲೀಕರು ಒಪ್ಪಿದರು. ಕಲಿಯಲು ಬರುವವರು ಹೆಚ್ಚಾಗಿ ಇಬ್ಬಿಬ್ಬರಾಗಿ ಬರುತ್ತಾರೆ. ಒಬ್ಬರು ಬಿದ್ದರೆ ಇನ್ನೊಬ್ಬರು ನಕ್ಕು ಎಬ್ಬಿಸುತ್ತಾರೆ. ನಾನು ಮೊದಲು ಅವರ ಬೆನ್ನು ಮೆಲ್ಲಗೆ ತಳ್ಳಿ, ಯಾವ ಕಾಲು ಮುಂದೆ ಬರುತ್ತದೆ ಎಂದು ನೋಡುತ್ತೇನೆ.

ಈಗ ನನ್ನ ಬಳಿ ಇರುವುದು: ಸನತ್‌ನಗರದಲ್ಲಿ ಒಂದು ಕೋಣೆ, ಒಂದು ಹಲಗೆ, ಎರಡು ಜೊತೆ ಕೈಗವಸು, ಏಳು ಮಂದಿ ಶಿಷ್ಯರು.